ರಾಣೆಬೆನ್ನೂರಿನ ನಮ್ಮ ಹಾರ್ಡ್‌ವೇರ್ ಅಂಗಡಿಗೆ ಟ್ಯಾಲಿಪ್ರೈಮ್ ಬಂದ ಮೇಲೆ

ಪೈಪು, ಮೋಟಾರು, ಸಿಮೆಂಟು, ಬಣ್ಣ ಮಾರುವ ಅಂಗಡಿ ನಮ್ಮದು. ಗಿರಾಕಿಗಳಲ್ಲಿ ಮುಕ್ಕಾಲು ಪಾಲು ರೈತರು. ಅಪ್ಪ ಉದ್ರಿಯನ್ನು ಕೆಂಪು ಬಟ್ಟೆ ಹೊದಿಸಿದ ಖಾತೆ ಪುಸ್ತಕದಲ್ಲಿ ಬರೆಯುತ್ತಿದ್ದರು, ನಾನೂ ಹಾಗೇ ನಡೆಸಿಕೊಂಡು ಬಂದೆ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಕಂಪ್ಯೂಟರ್ ಲೆಕ್ಕವೆಲ್ಲ ಆಡಿಟರ್ ಆಫೀಸಿನದೇ ಆಗಿತ್ತು. ಎರಡು ವರ್ಷದ ಹಿಂದೆ ಟ್ಯಾಲಿಪ್ರೈಮ್ ಅನ್ನುವ ಲೆಕ್ಕದ ಸಾಫ್ಟ್‌ವೇರಿನ, ಒಬ್ಬರು ಬಳಸುವ ಸಿಲ್ವರ್ ಲೈಸೆನ್ಸ್ ನಾನೇ ತಗೊಂಡೆ. 22,500 ರೂಪಾಯಿ, ಮೇಲೆ 18% ಜಿಎಸ್‌ಟಿ.

ಕೊಟ್ಟ ದುಡ್ಡು ವಸೂಲಾದದ್ದು ಸ್ಟಾಕ್ ಏಜಿಂಗ್ ವರದಿಯಿಂದ. ಯಾವ ಮಾಲು ಎಷ್ಟು ದಿನದಿಂದ ಬಿದ್ದಿದೆ ಅಂತ ಅದರಲ್ಲಿ ಸಾಲಾಗಿ ಕಾಣುತ್ತೆ. ಜಿಐ, ಅಂದರೆ ಸತು ಲೇಪದ ಕಬ್ಬಿಣದ ಪೈಪು ಜೋಡಿಸುವ ಎಲ್ಬೋ, ಟೀ, ಸಾಕೆಟ್ ಸೇರಿ ಸುಮಾರು ಎಂಬತ್ತು ಸಾವಿರದ ಮಾಲು ಆರು ತಿಂಗಳಿಂದ ಗೋಡೌನಿನಲ್ಲೇ ಇತ್ತು! ಮನೆ ಕಟ್ಟುವವರು ಸಿಪಿವಿಸಿ ಅನ್ನುವ ಪ್ಲಾಸ್ಟಿಕ್ ಪೈಪು ಕೇಳುತ್ತಿದ್ದರೂ ನಾನು ಹಳೆ ರೂಢಿಯಲ್ಲೇ ಆರ್ಡರ್ ಕೊಡುತ್ತಿದ್ದೆ. ಈಗ ಪ್ರತಿ ಸೋಮವಾರ ಆ ವರದಿ ನೋಡದೆ ಆರ್ಡರ್ ಕೊಡಲು ಫೋನ್ ಎತ್ತುವುದಿಲ್ಲ. ಆದರೆ ಬಂದ ಮಾಲಿನ ಬಿಲ್ಲನ್ನು ಅದೇ ದಿನ ಹಾಕಲೇಬೇಕು, ಇಲ್ಲದಿದ್ದರೆ ವರದಿ ನಂಬುವ ಹಾಗಿಲ್ಲ.

2025ರ ಸೆಪ್ಟೆಂಬರ್ 22ಕ್ಕೆ ಸಿಮೆಂಟಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತಲ್ಲ, ಹೊಸ ದರವನ್ನು ತಾರೀಖಿನ ಸಮೇತ ಮೊದಲೇ ಹಾಕಿಟ್ಟಿದ್ದೆ. ಬೆಳಿಗ್ಗೆ ಮೊದಲ ಬಿಲ್ಲೇ ಸರಿಯಾಗಿ ಬಂತು.

ನನಗೆ ಎಲ್ಲಕ್ಕಿಂತ ಮುಖ್ಯ ಉದ್ರಿ. ಟ್ಯಾಲಿಗೂ ಮೊದಲು ಉದ್ರಿಗೆ ಬೇರೊಂದು ಮೊಬೈಲ್ ಆಪ್ ಬಳಸುತ್ತಿದ್ದೆ. ಮೂವತ್ತು ದಿನ ತುಂಬಿತೆಂದರೆ ಬಾಕಿದಾರರಿಗೆ ತಾನೇ ಮೆಸೇಜ್ ಕಳಿಸುತ್ತಿತ್ತು. ಆಗಸ್ಟ್‌ನಲ್ಲಿ, ಗೋವಿನಜೋಳ ಇನ್ನೂ ಹೊಲದಲ್ಲಿರುವಾಗ, ಅಪ್ಪನ ಕಾಲದ ಗಿರಾಕಿಯೊಬ್ಬರು ಬಡ್ಡಿಗೆ ಸಾಲ ತಂದು ಬಾಕಿ ತೀರಿಸಿ, "ನನ್ ಮ್ಯಾಲಿನ ನಂಬ್ಕಿ ಹೋತೇನ್ರಿ?" ಅಂದರು. ಅವತ್ತು ನನಗೆ ಊಟ ಸೇರಲಿಲ್ಲ.

ಟ್ಯಾಲಿಯಲ್ಲಿ ಬಿಲ್ಲಿನ ಗಡುವಿಗೆ ಇಷ್ಟು ದಿನ ಅಂತಲೂ ಹಾಕಬಹುದು, ನೇರ ತಾರೀಖನ್ನೂ ಹಾಕಬಹುದು. ಸಣ್ಣ ಸೌಲಭ್ಯ, ಆದರೆ ನಮ್ಮಂಥ ಊರಿಗೆ ಇದೇ ಬೇಕಾಗಿದ್ದದ್ದು. ಗೋವಿನಜೋಳದವರಿಗೆ ನವೆಂಬರ್ ಕೊನೆ, ಮೆಣಸಿನಕಾಯಿಯವರಿಗೆ ಮಾರ್ಚ್ ಅಂತ ಅವರವರ ಪೀಕು ಕೇಳಿಯೇ ಬರೆಯುತ್ತೇನೆ. ಮುಂದೆ ಮಾಲು ತರಿಸುವುದನ್ನೂ ಬಾಕಿ ಕೇಳುವುದನ್ನೂ ಎಐ ಮಾಡುತ್ತದೆ ಅನ್ನುತ್ತಾನೆ ಮಗ. ಮಾಲು ಅದೇ ತರಿಸಲಿ, ಬಾಕಿ ಮಾತ್ರ ನಾನೇ ಕೇಳುತ್ತೇನೆ.

ಆ ಹಿರಿಯರ ಮನೆಗೆ ಹೋಗಿ ತಪ್ಪಾಯಿತು ಅಂದು ಬಂದೆ. ಮೊನ್ನೆ ಡ್ರಿಪ್ ಪೈಪಿಗೆ ಮತ್ತೆ ನಮ್ಮ ಅಂಗಡಿಗೇ ಬಂದಿದ್ದರು. ಗಡುವು ಮಾರ್ಚ್ 15 ಅಂತ ಹಾಕಿದ್ದೇನೆ.