ಗ್ರಾಫಿಕ್ಸ್ ಕಾರ್ಡ್‌ಗೆ ಹನಿವೆಲ್ ಪಿಟಿಎಂ 7950: ಪೇಸ್ಟ್‌ಗಿಂತ ಇದೇ ವಾಸಿ

ಗ್ರಾಫಿಕ್ಸ್ ಕಾರ್ಡ್‌ನ ಮುಖ್ಯ ಚಿಪ್ ಆದ ಜಿಪಿಯು ಕಾದು ತಣಿಯುವಾಗ ಹಿಗ್ಗಿ ಕುಗ್ಗಿ, ತನ್ನ ಶಾಖವನ್ನು ಹೀಟ್‌ಸಿಂಕ್‌ಗೆ (ಶಾಖ ಹೊರಹಾಕುವ ಲೋಹದ ಭಾಗಕ್ಕೆ) ದಾಟಿಸಲು ಹಚ್ಚಿದ ತೆಳು ಪೇಸ್ಟನ್ನು ಅಂಚಿಗೆ ತಳ್ಳಿಬಿಡುತ್ತದೆ. ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿ ಜಾಗ) ತಾಪ ಏರಿ ಫ್ಯಾನ್ ಬೊಬ್ಬೆ ಹಾಕುವುದು ಅದಕ್ಕೇ. ಪೇಸ್ಟಿನ ಬದಲು ಹಾಕುವ ಪಿಟಿಎಂ 7950 ಎಂಬ ಈ ಹಾಳೆ ಸುಮಾರು 45 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗಿ ಸಂದುಗೊಂದುಗಳನ್ನು ತುಂಬುತ್ತದೆ, ಪೇಸ್ಟಿನಂತೆ ಸುಲಭವಾಗಿ ಹೊರಗೆ ಹರಿಯುವುದಿಲ್ಲ. ವರ್ಷವರ್ಷ ಕಾರ್ಡ್ ಬಿಚ್ಚುವ ರಗಳೆ ಬೇಡ ಎನ್ನುವವರು ಕಣ್ಣುಮುಚ್ಚಿ ಕೊಳ್ಳಬಹುದು.

ಅಂಟಿಸುವುದೇ ನಾಜೂಕಿನ ಕೆಲಸ. ಹಾಳೆಯನ್ನು ಹತ್ತು ನಿಮಿಷ ಫ್ರಿಜ್‌ನಲ್ಲಿಟ್ಟರೆ ಪ್ಲಾಸ್ಟಿಕ್ ಪದರ ಸಲೀಸಾಗಿ ಬಿಡುತ್ತದೆ. ಇಲ್ಲದಿದ್ದರೆ ಹಾಳೆಯೇ ಕಿತ್ತುಬರುತ್ತದೆ. ಹಳೆ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಚಿಪ್ ಪೂರ್ತಿ ಮುಚ್ಚುವಂತೆ ಹಾಳೆ ಕತ್ತರಿಸಿ. ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪಸ್ವಲ್ಪವೇ ಬಿಗಿಮಾಡಿ. ಮೆಮೊರಿ ಚಿಪ್‌ಗಳ ಮೇಲಿರುವ, ಶಾಖ ದಾಟಿಸುವ ಮೆತ್ತನೆಯ ಪ್ಯಾಡ್‌ನ ದಪ್ಪ ಅಳೆಯದೆ ಬದಲಿಸಲೇಬೇಡಿ: ಅರ್ಧ ಮಿಲಿಮೀಟರ್ ಹೆಚ್ಚಾದರೂ ಹೀಟ್‌ಸಿಂಕ್ ಚಿಪ್‌ಗೆ ಸರಿಯಾಗಿ ತಾಗುವುದಿಲ್ಲ. ಕೆಲವು ಬಾರಿ ಕಾದು ತಣಿದ ಮೇಲೇ ತಾಪ ಪೂರ್ತಿ ಇಳಿಯುವುದು. ಮೊದಲ ಅಂಕಿ ಲೆಕ್ಕಕ್ಕಿಲ್ಲ.