ರೇಡಿಯೇಟರ್ ಸೋರಿಕೆಗೆ ಸುರಿಯುವ ಬಾಟಲಿ: ಒಂದು ಬೇಸಿಗೆಯ ಅನುಭವ
12 ವರ್ಷ ಹಳೆಯದಾದ ನನ್ನ ಡೀಸೆಲ್ ಕಾರಿನ ರೇಡಿಯೇಟರ್ ಕಳೆದ ಏಪ್ರಿಲ್‌ನಲ್ಲಿ ಜಿನುಗತೊಡಗಿದಾಗ, ವಿಜಯಪುರದ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಸೋರಿಕೆ ನಿಲ್ಲಿಸುವ ದ್ರಾವಣದ ಬಾಟಲಿಯೊಂದನ್ನು ಕೊಂಡೆ. ಹೊಸ ರೇಡಿಯೇಟರ್‌ನ ಖರ್ಚು ತಪ್ಪೀತೆಂಬ ಆಸೆಯೇ ಅದಕ್ಕೆ ಕಾರಣ.

ಬಳಸುವ ಕ್ರಮ ಸುಲಭ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಕ್ಯಾಪ್ ಬಿಚ್ಚಿ, ತಳದಲ್ಲಿ ಕೂತ ಗಸಿ ಬೆರೆಯುವವರೆಗೆ ಬಾಟಲಿಯನ್ನು ಕುಲುಕಿ ಸುರಿದು, ಇಂಜಿನ್ ಚಾಲೂ ಮಾಡಿ ಸ್ವಲ್ಪ ಹೊತ್ತು ಬಿಡಬೇಕು. ನನ್ನದರಲ್ಲಿದ್ದುದು ಮಿಣುಗುವ ಪುಡಿ ಬೆರೆತ ಬೂದು ದ್ರವ. ಇಂಜಿನ್ ತಣ್ಣಗಿಡುವ ದ್ರವವಾದ ಕೂಲಂಟ್ ಜೊತೆ ಸುತ್ತುವ ಆ ಕಣಗಳು ಒಳಗಿನ ಒತ್ತಡದಿಂದ ತೂತಿನತ್ತ ನುಗ್ಗಿ, ಅಲ್ಲಿಯೇ ಒತ್ತೊತ್ತಾಗಿ ಸಿಕ್ಕಿಕೊಂಡು ಅದನ್ನು ಮುಚ್ಚುತ್ತವೆ. ಕೆಲವು ದ್ರಾವಣಗಳಲ್ಲಿ ಸೋಡಿಯಂ ಸಿಲಿಕೇಟ್ ಇದ್ದು, ಅದು ಬಿಸಿಗೆ ಗಾಜಿನಂತೆ ಗಟ್ಟಿಯಾಗುತ್ತದೆ. ದಾರಿಯಲ್ಲಿ ಕೈಕೊಟ್ಟ ರೇಡಿಯೇಟರ್‌ಗೆ ಹಳೆಯ ಚಾಲಕರು ಅರಿಷಿಣ ಪುಡಿ ಹಾಕುತ್ತಿದ್ದುದೂ ಇದೇ ಲೆಕ್ಕದ ಮೇಲೆ.

ಬಾಟಲಿ ಮೊದಲಿಗೆ ಮಾತು ಉಳಿಸಿಕೊಂಡಿತು. ಮರುದಿನ ಕೊಲ್ಹಾರದ ಸೇತುವೆ ದಾಟಿ ಬಾಗಲಕೋಟೆಗೆ ಹೋಗಿ, ಬರುವಾಗ ಗಡಿಗೆ ಮೊಸರನ್ನೂ ಕಟ್ಟಿಸಿಕೊಂಡು ಬಂದೆ. ರಾತ್ರಿ ಬಂಪರ್ ಕೆಳಗೆ ಹಾಸಿದ ರಟ್ಟಿನ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

ಮೇ ಕೊನೆಗೆ, ಎಸಿ ಹಾಕಿಕೊಂಡು ಸೊಲ್ಲಾಪುರದ ರಸ್ತೆಯಲ್ಲಿ ಹೋಗುವಾಗ, ಉಷ್ಣತೆಯ ಮುಳ್ಳು ಮೇಲೇರಿತು. ಗ್ಯಾರೇಜಿನಲ್ಲಿ ಬಿಚ್ಚಿ ನೋಡಿದರೆ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲಿ ಅರ್ಧದಷ್ಟು ಬೂದು ಕೆಸರಿನಿಂದ ಕಟ್ಟಿಹೋಗಿದ್ದವು. “ತೂತ ಯಾವ್ದು, ನೀರಿನ ದಾರಿ ಯಾವ್ದು ಅಂತ ಅದಕ್ಕೇನ್ ತಿಳೀತದ್ರಿ ಸರ?” ಎಂದರು ಮಿಸ್ತ್ರಿ. ತಪ್ಪು ಬಾಟಲಿಯದೊಂದೇ ಅಲ್ಲ. ವರ್ಷಗಟ್ಟಲೆ ನಾನು ಕೂಲಂಟ್ ಬದಲು ಬೋರಿನ ಗಡಸು ನೀರನ್ನೇ ತುಂಬುತ್ತ ಬಂದಿದ್ದರಿಂದ ಕೊಳವೆಗಳೊಳಗೆ ಬಿಳಿ ಸುಣ್ಣದಂಥ ಪದರು ಆಗಲೇ ಕಟ್ಟಿತ್ತು. ಇಕ್ಕಟ್ಟಾದ ಆ ದಾರಿಗೆ ಪುಡಿ ಸೇರಿತು. ಹೀಟರ್‌ನ ಕೊಳವೆಗಳು ಇನ್ನೂ ಸಣ್ಣವಾದ್ದರಿಂದ ಅವೂ ಕಟ್ಟಿದ್ದವು, ನಮ್ಮ ಊರಿನಲ್ಲಿ ಹೀಟರ್ ಹಾಕುವವರು ಯಾರೂ ಇಲ್ಲವೆಂಬುದು ಬೇರೆ ಮಾತು. ಕೊನೆಗೆ ರೇಡಿಯೇಟರ್ ಹೊಸದೇ ಬಂತು, ತೊಳೆಸಿದ ಕೂಲಿ ಮೇಲೆ.

ಆಯಿಲ್ ಸೋರಿಕೆ ನಿಲ್ಲಿಸಲು ಇಂಜಿನ್ ಆಯಿಲ್‌ಗೆ ಬೆರೆಸುವ ದ್ರಾವಣದ ರೀತಿ ಬೇರೆ. ಅದು ತೂತು ಮುಚ್ಚುವುದಿಲ್ಲ. ಬಿಸಿಗೆ ಗಟ್ಟಿಯಾಗಿ ಕುಗ್ಗಿದ ರಬ್ಬರ್ ಸೀಲನ್ನು ಮೆದುವಾಗಿಸಿ ತುಸು ಉಬ್ಬಿಸುತ್ತದೆ. ಇಂಜಿನ್ನಿನ ಮುಖ್ಯ ತಿರುಗುವ ದಂಡವಾದ ಕ್ರ್ಯಾಂಕ್‌ಶಾಫ್ಟ್‌ನ ಹಿಂದಿನ ಸೀಲ್ ಬದಲಿಸಲು ಸಾಮಾನ್ಯವಾಗಿ ಗೇರ್‌ಬಾಕ್ಸನ್ನೇ ಇಳಿಸಬೇಕಾಗುವುದರಿಂದ, ಹಳೆಯ ಗಾಡಿಯಲ್ಲಿ ಬರೀ ಜಿನುಗುವಿಕೆ ಇದ್ದರೆ ಒಮ್ಮೆ ಹಾಕಿ ನೋಡುವುದರಲ್ಲಿ ಅರ್ಥವಿದೆ. ಹರಿದ ಸೀಲಿಗೆ ಅದರಿಂದ ಪ್ರಯೋಜನವಿಲ್ಲ. ಬ್ರೇಕ್ ಆಯಿಲ್ ಸೋರುತ್ತಿದ್ದರೆ ಮಾತ್ರ ಯಾವ ದ್ರಾವಣವನ್ನೂ ಹಾಕಕೂಡದು. ಪೆಟ್ರೋಲಿಯಂ ಮೂಲದ ಎಣ್ಣೆ ಸ್ವಲ್ಪ ಸೇರಿದರೂ ಪೆಡಲಿನ ಒತ್ತಡವನ್ನು ಬ್ರೇಕಿಗೆ ಕಳಿಸುವ ಮಾಸ್ಟರ್ ಸಿಲಿಂಡರ್‌ನ ರಬ್ಬರ್ ಉಬ್ಬಿ ಬ್ರೇಕ್ ಕೈಕೊಡುತ್ತದೆ. ಗಾಡಿಯನ್ನು ಅಲ್ಲಿಯೇ ನಿಲ್ಲಿಸಿ ಎಳೆಸಿಕೊಂಡು ಹೋಗುವುದೇ ಸರಿ.

ಯಾವ ಬಾಟಲಿ ಕೊಳ್ಳುವ ಮೊದಲೂ ಹೋಸ್ ಪೈಪಿನ ಕ್ಲಿಪ್, ರೇಡಿಯೇಟರ್ ಕ್ಯಾಪ್‌ನ ರಬ್ಬರ್, ವಾಟರ್ ಪಂಪಿನ ಕೆಳಭಾಗ ನೋಡಿಸಿ. ಸಡಿಲಾದ ಕ್ಲಿಪ್ಪಿಗೆ ಸ್ಕ್ರೂಡ್ರೈವರ್ ಸಾಕು. ದಾರಿಯಲ್ಲಿ ಸಿಕ್ಕಿಕೊಂಡವರು ಊರು ಮುಟ್ಟುವಷ್ಟಕ್ಕೆ ಈ ಸರಕು ಉಪಯುಕ್ತ, ಮುಟ್ಟಿದ ವಾರದಲ್ಲೇ ಕೂಲಂಟ್ ಚೆಲ್ಲಿ ತೊಳೆಸುವುದಾದರೆ. ಎರಡನೆಯ ಬಾಟಲಿಯೊಂದು ನನ್ನ ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕದಲ್ಲಿದೆ; ಸೀಲ್ ಒಡೆದಿಲ್ಲ.