ಕಂಟ್ರೋಲ್ ಬರೆಯಬೇಕೋ, ಮ್ಯಾನೇಜ್ ಬರೆಯಬೇಕೋ?

ಕೊಪ್ಪಳದ ಕಡೆ ಕೆಲಸದ ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆಯುವ ಮಕ್ಕಳು ಈ ಎರಡು ಕ್ರಿಯಾಪದಗಳ ನಡುವೆ ತಡವರಿಸುತ್ತಾರೆ. ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟೆಯನ್ನೇ ತಗೊಳ್ಳಿ. ಅದರ 33 ಕ್ರೆಸ್ಟ್ ಗೇಟುಗಳು ನೀರನ್ನು ‘ಕಂಟ್ರೋಲ್’ ಮಾಡುತ್ತವೆ. ಬಿಡುವುದು, ತಡೆಯುವುದು ಅವುಗಳ ಹಿಡಿತದಲ್ಲಿದೆ. ಮೇಲ್ಭಾಗದ ರೈತರಿಗೂ ಕೊನೆಭಾಗದವರಿಗೂ ಹೊಂದಿಸಿ, ಇದ್ದ ನೀರಿನಲ್ಲೇ ಹಂಗಾಮು ದಾಟಿಸುವುದು ‘ಮ್ಯಾನೇಜ್’.

ಸಿಟ್ಟು, ಬೆಂಕಿ, ಬೆಲೆಗೆ ಕಂಟ್ರೋಲ್. ಅಂಗಡಿ, ಸಮಯ, ತಂಡಕ್ಕೆ ಮ್ಯಾನೇಜ್. ‘ಐ ಕಂಟ್ರೋಲ್ಡ್ ಟೆನ್ ವರ್ಕರ್ಸ್’ ಎಂದರೆ ಆಳುಗಳನ್ನು ಹದ್ದುಬಸ್ತಿನಲ್ಲಿಟ್ಟಂತೆ ಕೇಳುತ್ತದೆ. ಅರ್ಜಿಯಲ್ಲಿ ದಯವಿಟ್ಟು ‘ಮ್ಯಾನೇಜ್ಡ್’ ಎಂದೇ ಬರೆಯಿರಿ.

ಮ್ಯಾನೇಜಿಗೆ ಇನ್ನೊಂದು ಬಳಕೆಯಿದೆ, ನನಗೆ ಬಹಳ ಇಷ್ಟವಾದದ್ದು. ಅದರ ಮುಂದೆ ‘ಟು’ ಮತ್ತು ಇನ್ನೊಂದು ಕ್ರಿಯಾಪದ ಬಂದರೆ, ಕಷ್ಟಪಟ್ಟು ಸಾಧಿಸಿದ್ದು ಎಂದರ್ಥ. 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿಹೋದಾಗ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದರಲ್ಲ, ‘ದೇ ಮ್ಯಾನೇಜ್ಡ್ ಟು ಸ್ಟಾಪ್ ದ ವಾಟರ್’. ಇಲ್ಲಿ ಕಂಟ್ರೋಲ್ ಹಾಕಿದರೆ ವಾಕ್ಯವೇ ನಿಲ್ಲುವುದಿಲ್ಲ.

ಕಾಗುಣಿತದಲ್ಲೂ ಒಂದು ಎಚ್ಚರ: ‘ಕಂಟ್ರೋಲ್ಡ್’ನಲ್ಲಿ ಎಲ್ ಅಕ್ಷರ ಎರಡು ಸಲ ಬರಬೇಕು.